ಮಾರ್ಕೆಟ್ಟನ್ನು ಮಾರಿನಲ್ಲಿ ಅಳೆದವರು

ಎದುರಿಗೆ ಏನೇ ಇರಲಿ, ಎಡಗಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಬಲಗೈಯನ್ನು ನೆಟ್ಟಗೆ ಮುಂದೆ ಚಾಚಿ, ಹೆಬ್ಬೆರಳಿನ ಉಗುರನ್ನು ಪೆನ್ಸಿಲ್ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸುವುದು ಅವರ ಅಭ್ಯಾಸ. ಆ ಕೈಯೂ ಸಾಮಾನ್ಯ ಕೈಯಲ್ಲ. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಿಸ್ ಎತ್ತರದ ಹೆಂಗಸು. ತೋಳು ಆ ಎತ್ತರವನ್ನೂ ಮೀರಿ ಉದ್ದ. ಬೋರ್ಡಿನ ಮೇಲಿನ ಮೂಲೆ ಒರೆಸಲು ಬೇರೆ ಮೇಷ್ಟ್ರುಗಳು ಹುಡುಗರನ್ನು ಕರೆದು ಸ್ಟೂಲ್ ತರಿಸುತ್ತಿದ್ದರೆ, ಇವರು ನಿಂತಲ್ಲಿಂದಲೇ ಒರೆಸುತ್ತಿದ್ದರು. ಕೊನೆಯ ಬೆಂಚಿನಲ್ಲಿ ಕೂತು ನಾವು ಒಂದು ಕಣ್ಣು ಮುಚ್ಚಿ, ಕೈ ಚಾಚಿ ಅವರನ್ನೇ ಅಣಕಿಸುತ್ತಿದ್ದೆವು. ನೋಡಿದರೂ ಬೈಯುತ್ತಿರಲಿಲ್ಲ. "ಮೊಣಕೈ ಬಗ್ಗಿಸ್ಬೇಡ್ರೋ, ಅಳತೆ ತಪ್ಪತ್ತೆ" ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

ರಾಜಾಜಿನಗರದ ಆ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡಿಗೆ ಹೆಚ್ಚು ಮರ್ಯಾದೆಯೇನೂ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದರೆ ಗಣಿತದವರು ಬಂದು ಅದನ್ನು ಕಿತ್ತುಕೊಳ್ಳುತ್ತಿದ್ದರು. ಮಿಸ್ ಬಾಗಿಲ ಬಳಿ ನಿಂತು ಗಣಿತದವರ ಮೂಗನ್ನು ಅಳೆಯುತ್ತಿದ್ದರು. ನಾನು ಆ ವಿಷಯದಲ್ಲಿ ಪಾಸಾದದ್ದೇ ಹೆಚ್ಚು. ನನ್ನ ಮೇಜಿನ ಚಿತ್ರದಲ್ಲಿ ಮೇಜಿನ ತಲೆಯೂ ಕಾಣುತ್ತಿತ್ತು, ಹೊಟ್ಟೆಯೂ ಕಾಣುತ್ತಿತ್ತು. ಅವರು ಅದರ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ನೀನು ಎಲ್ಲಿ ನಿಂತಿದ್ದೀಯ?"

ಮುಂದೆ ನಾನು ಕುರುಬರಹಳ್ಳಿಯಲ್ಲಿ ಪ್ಲೈವುಡ್ ಅಂಗಡಿ ಇಟ್ಟೆ. ಮದುವೆಯಾದ ಮೇಲೆ ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹುಡುಕುತ್ತ ಟು-ಲೆಟ್ ಬೋರ್ಡಿದ್ದ ಒಂದು ಗೇಟು ತಳ್ಳಿದಾಗ ಬಾಗಿಲು ತೆಗೆದವರು ಅವರೇ. ರಿಟೈರ್ ಆಗಿದ್ದರು. ಮದುವೆಯಾಗಿರಲಿಲ್ಲ, ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ನನ್ನನ್ನು ನೋಡಿ ಎಡಗಣ್ಣು ಮುಚ್ಚಿದರು. "ಹೊಟ್ಟೆ ಬಂದಿದೆ, ಮೂಗು ಹಂಗೇ ಇದೆ. ಬಾ ಒಳಗೆ" ಅಂದರು. ಅಡ್ವಾನ್ಸಿನ ಮಾತಿಗೂ ಮುಂಚೆ ಮಹಡಿ ಮೆಟ್ಟಿಲಿನ ಎತ್ತರ ತಪ್ಪಾಗಿದೆ, ಕಟ್ಟಿದ ಮೇಸ್ತ್ರಿಗೆ ಬುದ್ಧಿ ಇರಲಿಲ್ಲ, ಹುಷಾರಾಗಿ ಹತ್ತಬೇಕು ಎಂದು ನನ್ನ ಹೆಂಡತಿಗೆ ಹೇಳಿದರು. ಮನೆ ಮಾಲೀಕರು ತಮ್ಮ ಮನೆಯನ್ನೇ ಹೀಗೆ ಬೈದುಕೊಂಡದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಅವರು ಹುಟ್ಟಿದ್ದು ಇದೇ ಊರಿನ ಅಂಚಿನ ಉಲ್ಲಾಳದಲ್ಲಿ, ಅದಿನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ. ತಂದೆಯದು ಹೂವಿನ ತೋಟ. ಸೇವಂತಿಗೆ, ಕನಕಾಂಬರ ಬೆಳೆದು, ಮಂಕರಿಗೆ, ಅಂದರೆ ದೊಡ್ಡ ಬಿದಿರಿನ ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ ಸಿಟಿ ಮಾರ್ಕೆಟ್ಟಿಗೆ ತರುತ್ತಿದ್ದರಂತೆ. ಮಗಳೂ ಹಟ ಮಾಡಿ ಜೊತೆಗೆ ಬರುತ್ತಿದ್ದಳು. ಈಗ ಆ ತೋಟ ಲೇಔಟ್ ಆಗಿದೆ. ಬಾವಿ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟು, ಹಳೇ ಮನೆ ಇದ್ದ ಕಡೆ ರಸ್ತೆ. ತಮ್ಮಂದಿರ ಮಕ್ಕಳು ಸೈಟು ಮಾರಿ ಚೆನ್ನಾಗಿಯೇ ಇದ್ದಾರೆ. ಮಿಸ್‌ಗೆ ಅದರ ಬಗ್ಗೆ ದೂರೇನೂ ಇರಲಿಲ್ಲ. "ತೋಟ ಹೋಯ್ತು, ಮನೆ ಹೋಯ್ತು. ನಮ್ಮಪ್ಪ ನಿಲ್ತಿದ್ದ ಜಾಗ ಅಂತ ತೋರ್ಸಕ್ಕೆ ಉಳಿದಿರೋದು ಮಾರ್ಕೆಟ್ ಒಂದೇ ಕಣೋ" ಎಂದು ಒಮ್ಮೆ ಹೇಳಿದ್ದರು, ಹುರುಳಿಕಾಯಿ ಮುರಿಯುತ್ತ.

ಆ ಮಾರ್ಕೆಟ್ಟಿನ ಚರಿತ್ರೆ ಅವರಿಗೆ ಬಾಯಿಪಾಠ. ಮೊದಲು ಅಲ್ಲೊಂದು ಕೆರೆ ಇತ್ತು, ಸಿದ್ದಿಕಟ್ಟೆ. ಪಕ್ಕದ ಕೋಟೆಗಾಗಿ ಯುದ್ಧ ನಡೆದಾಗ ಆ ನೆಲವೂ ರಣರಂಗವಾಯಿತು. ಆಮೇಲೆ ಕೆರೆ ಮುಚ್ಚಿ ಸಂತೆ ಸೇರಿತು. ಸಂತೆಯವರ ತಲೆ ಮೇಲೆ ನೆರಳಿರಲಿ ಎಂದು ಅರಸರ ಕಾಲದಲ್ಲಿ ಕಲ್ಲಿನ ಕಟ್ಟಡ ಎದ್ದು ಮಹಾರಾಜರ ಹೆಸರು ಹೊತ್ತಿತು. ಏಷ್ಯಾದಲ್ಲೇ ಮೊದಲು ಕರೆಂಟು ಕಂಡ ಜಾಗ ಅದೇ ಎಂದು ಊರವರು ಕೊಚ್ಚಿಕೊಳ್ಳುವುದುಂಟು. ಮಿಸ್ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಮೊದಲ್ನೇದೋ ಎರಡನೇದೋ, ಬಲ್ಬು ಉರೀತಿತ್ತು, ಅಷ್ಟು ಸಾಕು" ಎನ್ನುತ್ತಿದ್ದರು. ಅವರಿಗೆ ಮುಖ್ಯವಾದದ್ದು ಕಮಾನು. ತಲೆ ಮೇಲೆ ಹೊರೆ ಇದ್ದವನು ಬಗ್ಗದೆ ಒಳಗೆ ಹೋಗಬೇಕು, ಅದಕ್ಕೇ ಅಷ್ಟು ಎತ್ತರ. ಒಳಗೆ ಹೂವು ಬಾಡಬಾರದು, ಅದಕ್ಕೇ ಗಾಳಿ ಮೇಲಿಂದ ಬಂದು ಬಿಸಿಲು ಹೊರಗೇ ನಿಲ್ಲುವ ಹಾಗೆ ದಪ್ಪ ಗೋಡೆ. "ಕಟ್ಟಿದೋನು ಹೂವು ಮಾರೋನಲ್ಲ, ಆದ್ರೆ ಹೂವು ಮಾರೋರನ್ನ ನೋಡಿದ್ದ" ಎಂಬುದು ಅವರ ಸರ್ಟಿಫಿಕೇಟು. ಆಮೇಲೆ ಅದರ ಹಿಂಭಾಗದಲ್ಲಿ ಎದ್ದ ಕಾಂಕ್ರೀಟ್ ಕಟ್ಟಡದ ಬಗ್ಗೆ ಕೇಳಿದರೆ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡುಬಿಡುತ್ತಿದ್ದರು.

ನಾನು ಬಾಡಿಗೆಗೆ ಬಂದ ಕೆಲವು ವರ್ಷಗಳ ಮೇಲೆ ಅವರ ಎಡಗಣ್ಣು ಹೋಯಿತು. ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ. ಆಸ್ಪತ್ರೆಯಿಂದ ಸ್ಕೂಟರಿನಲ್ಲಿ ಕರೆತರುವಾಗ ನಾನು ರಸ್ತೆಯ ಗುಂಡಿ ತಪ್ಪಿಸುತ್ತಿದ್ದೆ. ಅವರೇ ಹಿಂದಿನಿಂದ, "ಒಳ್ಳೇದೇ ಆಯ್ತು ಬಿಡೋ. ಇನ್ಮೇಲೆ ಮುಚ್ಚೋ ಕೆಲಸ ಇಲ್ಲ" ಅಂದರು. ಬಲಗಣ್ಣೂ ಅದೇ ದಾರಿ ಹಿಡಿದಿದೆ, ಔಷಧಿಯಿಂದ ನಿಧಾನ ಮಾಡಬಹುದೇ ಹೊರತು ನಿಲ್ಲಿಸಲಾಗದು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದು ಕಾಫಿ ಕುಡಿದ ಮೇಲೆ ಅವರು ತಮ್ಮ ತೀರ್ಮಾನ ತಿಳಿಸಿದರು: ಕಣ್ಣು ಪೂರ್ತಿ ಹೋಗುವ ಮುಂಚೆ ಮಾರ್ಕೆಟ್ಟಿನ ಮುಖವನ್ನು ಒಂದು ಸಲ ಪೂರ್ತಿ ಬರೆಯಬೇಕು. ಅಪ್ಪ ನಿಲ್ಲುತ್ತಿದ್ದ ಜಾಗದಿಂದ ಹೇಗೆ ಕಾಣುತ್ತಿತ್ತೋ ಹಾಗೆ.

ನಾನು ಮೊಬೈಲ್ ತೆಗೆದು ಹಳೆಯ ಫೋಟೋಗಳನ್ನು ಹುಡುಕಿ ತೋರಿಸಿದೆ. ಫ್ಲೈಓವರ್ ಇಲ್ಲ, ಟಾರ್ಪಾಲಿಲ್ಲ, ಕಟ್ಟಡ ಬುಡದಿಂದ ತುದಿಯವರೆಗೆ ಲಕಲಕ. ಅವರು ಮೊಬೈಲನ್ನು ಬಲಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಯಾರೋ ಸಾಹೇಬ್ರು ಎದುರುಗಡೆ ಮಹಡಿ ಹತ್ತಿ ತೆಗೆದಿರೋದು. ನಮ್ಮಪ್ಪ ಮಹಡಿ ಹತ್ತಿರ್ಲಿಲ್ಲ."

ಅಲ್ಲಿಗೆ ಮೊಬೈಲ್ ಜೇಬಿಗೆ ಹೋಯಿತು.

ತೊಂದರೆ ಏನೆಂದರೆ, ಆ ಕಟ್ಟಡ ಈಗ ಇಡಿಯಾಗಿ ಯಾರಿಗೂ ಕಾಣುವುದಿಲ್ಲ. ಕೆಳಗೆ ರಸ್ತೆಯಲ್ಲಿ ನಿಂತರೆ ಕಮಾನು ಮಾತ್ರ, ಅದೂ ಟಾರ್ಪಾಲುಗಳ ಸಂದಿಯಲ್ಲಿ. ಮೇಲಿನ ಸಾಲು ಕಿಟಕಿಗಳೂ ಕಲ್ಲಿನ ಅಂಚುಗಳೂ ಚೆನ್ನಾಗಿ ಕಾಣಬೇಕಾದರೆ ಅದರ ಎದುರಿಗೇ ಹಾದುಹೋಗುವ ಫ್ಲೈಓವರ್ ಮೇಲೆ ಹೋಗಬೇಕು. ಫ್ಲೈಓವರ್ ಹತ್ತುವ ಬಸ್ಸು ಮಾರ್ಕೆಟ್ಟಿನಲ್ಲಿ ನಿಲ್ಲುವುದಿಲ್ಲ. ಮಾರ್ಕೆಟ್ಟಿನಲ್ಲಿ ನಿಲ್ಲುವ ಬಸ್ಸು ಫ್ಲೈಓವರ್ ಹತ್ತುವುದಿಲ್ಲ. ಮಿಸ್ ಇದನ್ನು ಕಷ್ಟ ಎಂದು ಎಣಿಸದೆ ಟೈಂಟೇಬಲ್ ಎಂದು ಎಣಿಸಿದರು. ಕೆಳಗಿನದು ಬೇರೆ ದಿನ, ಮೇಲಿನದು ಬೇರೆ ದಿನ.

ಕೆಳಗಿನದಕ್ಕೆ ಅವರು ಆರಿಸಿದ್ದು ಹಬ್ಬದ ಮಾರನೆಯ ದಿನಗಳನ್ನು. ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಮಾರನೆಯ ದಿನ ಅರ್ಧ ಜನ ಊರಿಗೆ ಹೋಗಿ ಟಾರ್ಪಾಲುಗಳು ಮಡಚಿಕೊಂಡಿರುತ್ತವೆ. ಆಯುಧಪೂಜೆಯ ಮಾರನೆಯ ಬೆಳಿಗ್ಗೆ ನಾನು ಮೊದಲ ಸಲ ಕರೆದುಕೊಂಡು ಹೋದೆ. ಮಾರದೆ ಉಳಿದ ಬೂದುಗುಂಬಳ, ಬಾಳೆಕಂದು, ತುಳಿದ ಚೆಂಡು ಹೂವು. ಮಿಸ್ ಮೊದಲು ಒಂದು ಹಿಡಿ ಸೇವಂತಿಗೆ ಕೊಂಡು ನಡುವಿನ ಕಮಾನಿನ ಹೊಸಿಲ ಕಲ್ಲಿನ ಮೇಲೆ ಇಟ್ಟರು. ಅವರ ತಂದೆ ಒಳಗೆ ಹೋಗುವ ಮುಂಚೆ ದಿನವೂ ಹಾಗೆ ಇಡುತ್ತಿದ್ದರಂತೆ. ಹೂವು ತಂದವನು ಮೊದಲ ಹಿಡಿಯನ್ನು ಮಾರುವಂತಿಲ್ಲ. ಆಮೇಲೆ ರಸ್ತೆಯ ಈಚೆ ಬದಿಗೆ ಬಂದು, ಅಪ್ಪ ನಿಲ್ಲುತ್ತಿದ್ದ ಜಾಗ ನೋಡಿ, ಪೆನ್ಸಿಲ್ ಹಿಡಿದು ಕೈ ಚಾಚಿದರು.

ಚಾಚಿದ ಕೂಡಲೇ ಗಲಾಟೆ. ಪಕ್ಕದಲ್ಲಿ ಹೂವಿನ ಅಂಗಡಿ ಹಾಕಿಕೊಂಡಿದ್ದ ಗಿಡ್ಡನೆಯ ಹೆಂಗಸೊಬ್ಬಳು ಎದ್ದು ಬಂದಳು.

"ಏನಮ್ಮಾ, ಸರ್ವೇಗೆ ಬಂದಿದೀರಾ? ನಮ್ಮನ್ನ ಎಬ್ಬಿಸಕ್ಕಾ?"

ಅಲ್ಲಿ ಅಳತೆ ಮಾಡಲು ಬಂದವರಿಂದ ಯಾವತ್ತೂ ಯಾರಿಗೂ ಒಳ್ಳೆಯದಾದ ನೆನಪಿಲ್ಲ. ನಾನು ಏನೋ ಸಮಜಾಯಿಷಿ ಹೇಳಲು ಹೋಗಿ ಇನ್ನಷ್ಟು ಸರ್ಕಾರದವನಂತೆ ಕಂಡೆ. ಮಿಸ್ ಪೆನ್ಸಿಲನ್ನು ಜಡೆಗೆ ಸಿಕ್ಕಿಸಿ, ಎರಡೂ ಕೈ ಅಗಲಿಸಿ, ಹೂವಿನವರು ಮಾರು ಅಳೆಯುವ ಹಾಗೆ ನಿಂತರು. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿ. ಮಾರೆಂದರೆ ಈ ಕೈತುದಿಯಿಂದ ಆ ಕೈತುದಿ. "ಸರ್ವೇನೋರು ಟೇಪ್ ತರ್ತಾರೆ. ನಾನು ಹೂವಿನೋನ ಮಗಳು. ಈ ಕಮಾನು ಎಷ್ಟು ಮಾರು ಅಂತ ನೋಡ್ಬೇಕು. ಬಾ, ನೀನೂ ಕೈ ಚಾಚು."

ಹೂವಿನವಳು ಅನುಮಾನದಲ್ಲೇ ಕೈ ಅಗಲಿಸಿದಳು. ಇಬ್ಬರೂ ಎದೆಗೆದೆ ಹಚ್ಚಿ ನಿಂತಾಗ ಮಿಸ್ ಕೈಗಳು ಅವಳ ಬೆರಳುಗಳನ್ನು ದಾಟಿ ಎರಡು ಕಡೆಯೂ ಗೇಣುದ್ದ ಹೊರಗೆ ಬಂದಿದ್ದವು. ಅವಳು ಜೋರಾಗಿ ನಕ್ಕುಬಿಟ್ಟಳು.

"ಅಯ್ಯೋ, ಈ ಕೈಯಲ್ಲಿ ಹೂವು ಅಳುದ್ರೆ ನಮ್ ವ್ಯಾಪಾರ ಮುಳ್ಗೋಯ್ತದೆ ಕಣಮ್ಮಾ!"

ಅಲ್ಲಿಂದ ಮುಂದೆ ಅಡ್ಡಿಯಿರಲಿಲ್ಲ. ಖಾಲಿ ಮಂಕರಿಯೊಂದನ್ನು ಬೋರಲು ಹಾಕಿ ಕೂರಲು ಕೊಟ್ಟಳು. ಕಮಾನಿನಿಂದ ಕಮಾನಿಗೆ ಮಿಸ್ ಗೋಡೆಗೆ ಎದೆಯೊತ್ತಿ ಕೈ ಚಾಚಿ ಅಳೆದರು, ಎಣಿಸಿದ್ದು ಹೂವಿನವಳು. ನಂತರದ ಹಬ್ಬಗಳ ಮಾರನೆಯ ದಿನಗಳಲ್ಲೂ ಅದೇ ಮಂಕರಿ, ಅದೇ ಜಾಗ.

ಮೇಲಿನ ಅರ್ಧಕ್ಕೆ ಬಸ್ಸು. ಕಾರ್ಪೊರೇಷನ್ ಕಡೆಯಿಂದ ಮೈಸೂರು ರಸ್ತೆಗೆ ಬರುವಾಗ ಎಡಗಡೆಯ ಕಿಟಕಿ. ಕಟ್ಟಡ ಕಂಡು ಮರೆಯಾಗುವಷ್ಟರಲ್ಲಿ ಒಂದು ಕಿಟಕಿಯನ್ನೋ ಒಂದು ಅಂಚನ್ನೋ ಹಿಡಿಯಬೇಕು. ಮುಂದಿನದಕ್ಕೆ ಮತ್ತೊಂದು ಪ್ರಯಾಣ. ಟ್ರಾಫಿಕ್ ಜಾಮ್ ಆದ ದಿನ ಅವರು ಹಿಗ್ಗಿ ಮನೆಗೆ ಬರುತ್ತಿದ್ದರು. ಈ ಊರಿನಲ್ಲಿ ಟ್ರಾಫಿಕ್ ಜಾಮಿಗಾಗಿ ದೇವರಿಗೆ ಹರಕೆ ಹೊತ್ತವರು ಅವರೊಬ್ಬರೇ ಇರಬೇಕು.

ಒಂದು ಭಾನುವಾರ ನನ್ನ ಸ್ಕೂಟರಿನಲ್ಲಿ ಹೋಗಿ ಫ್ಲೈಓವರ್ ಮೇಲೆ ನಿಲ್ಲಿಸಬೇಕೆಂದು ಹಟ ಹಿಡಿದರು. ನಿಲ್ಲಿಸಿದೆ. ಅವರು ಇಳಿದು ಕಟ್ಟೆಗೊರಗಿ ಶುರುಮಾಡಿದರು. ಟ್ರಾಫಿಕ್ ಪೊಲೀಸಿನವರು ಬೈಕಿನಲ್ಲಿ ಬಂದೇ ಬಂದರು.

"ಏನ್ರೀ, ಇಲ್ಲೆಲ್ಲಾ ನಿಲ್ಲಿಸ್ತಾರೇನ್ರೀ?"

ನಾನು ಬಾಯಿ ಬಿಡುವ ಮೊದಲೇ ಮಿಸ್, "ಗಾಡಿ ಕೆಟ್ಟೋಯ್ತು ಸಾರ್" ಅಂದರು. ಆ ಮನುಷ್ಯ ಒಳ್ಳೆಯವರು. ವಯಸ್ಸಾದವರು ಬಿಸಿಲಲ್ಲಿ ನಿಂತಿದ್ದಾರೆಂದು ತಾವೇ ಬಂದು ಕಿಕ್ ಹೊಡೆದರು. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅವರು ಸ್ಕೂಟರನ್ನೂ ನನ್ನನ್ನೂ ನೋಡಿದರು. ಮಿಸ್ ಕಾಗದ ಮಡಚಿ ಹಿಂದೆ ಹತ್ತಿ ಕೂತು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಸಾರ್. ಇನ್ನೊಂದು ಕಿಟಕಿ ಉಳೀತು" ಅಂದರು. ಯಾವ ಕಿಟಕಿ ಎಂದು ಅವರಿಗೆ ಅರ್ಥವಾಗಿರಲಾರದು.

ಅಷ್ಟರಲ್ಲಿ ಬಲಗಣ್ಣು ಮಂಜಾಗತೊಡಗಿತ್ತು. ಕಾಫಿ ಲೋಟ ಇಡುವಾಗ ಮೇಜಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಇಡುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೊಂದು ದಿನ ನನ್ನನ್ನು ಕೆಳಗೆ ಕರೆದರು. ಮೇಲಿನ ಅರ್ಧದ ಹಾಳೆ, ಕೆಳಗಿನ ಅರ್ಧದ ಹಾಳೆ, ಎರಡನ್ನೂ ಊಟದ ಮೇಜಿನ ಮೇಲೆ ಕೂಡಿಸಿಟ್ಟಿದ್ದರು. "ಪ್ಲೈವುಡ್ಡಿನೋನಲ್ವಾ ನೀನು, ನೋಡು, ಕೂಡ್ತಾ ಇದೆಯಾ?"

ಕೂಡುತ್ತಿರಲಿಲ್ಲ. ಉದ್ದ ಅಗಲ ಹೆಚ್ಚು ಕಡಿಮೆ ಸರಿಯಿತ್ತು. ಆದರೂ ಮೇಲಿನ ಭಾಗ ಮುಂದಕ್ಕೆ ಮುಗ್ಗರಿಸಿದಂತೆಯೂ ಕೆಳಗಿನದು ಹಿಂದಕ್ಕೆ ವಾಲಿದಂತೆಯೂ ಇತ್ತು. ಯಾಕೆಂದು ಹೇಳಲು ನನಗೆ ಬರಲಿಲ್ಲ. "ಏನೋ ಸರಿಯಿಲ್ಲ ಮಿಸ್" ಅಂದೆ. ಅವರು ಮುಖವನ್ನು ಹಾಳೆಯ ಸಮೀಪಕ್ಕೆ ತಂದು ಗೆರೆ ಗೆರೆಯನ್ನೂ ಹಿಂಬಾಲಿಸಿದರು. ಆಮೇಲೆ ಕುರ್ಚಿಗೆ ಒರಗಿದರು.

"ಕೆಳಗಿಂದು ಮಂಕರಿ ಮೇಲೆ ಕೂತು ನೋಡಿರೋದು. ಮೇಲಿಂದು ಫ್ಲೈಓವರ್ ಮೇಲಿಂದ. ಎರಡು ಕಡೆ ನಿಂತು ಒಂದು ಚಿತ್ರ ಬರ್ದಿದೀನಿ. ಜೀವಮಾನವೆಲ್ಲಾ ಇದಕ್ಕೇ ನಿಮಗೆಲ್ಲಾ ಮಾರ್ಕ್ಸ್ ಕಿತ್ತಿದೀನಿ ಕಣೋ."

ನಗುತ್ತಾರೆಂದು ಕಾದೆ. ನಗಲಿಲ್ಲ. ಅವರು ಅಷ್ಟು ಸೋತು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಡಗಣ್ಣು ಹೋದ ದಿನವೂ ಹಾಗೆ ಕೂತಿರಲಿಲ್ಲ. ಎಲ್ಲ ಮತ್ತೆ ಬರೆಯುವಷ್ಟು ಕಣ್ಣು ಉಳಿದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಆ ಕಟ್ಟಡದ ಮೇಲೆ ಯಾವ ವ್ಯಾಮೋಹವೂ ಇರಲಿಲ್ಲ, ಈಗಲೂ ಇಲ್ಲ. ಹಬ್ಬದ ಹೂವಿಗೆ ನಮಗೆ ವಿಜಯನಗರದ ಮಾರ್ಕೆಟ್ಟೇ ಸಾಕು. ಆದರೆ ಆ ಮೇಜಿನ ಮುಂದೆ ನಿಂತು ನನಗೆ ತುಂಬ ಸಂಕಟವಾಯಿತು.

ಯುಗಾದಿಯ ಮಾರನೆಯ ದಿನ, ಬೇಡ ಎಂದರೂ ಕೇಳದೆ, ಅವರು ಮತ್ತೆ ಹೊರಟರು. ಬರೆಯಲಲ್ಲ, ಸುಮ್ಮನೆ ಕೂತು ಬರಲು. ಅದೇ ಬೋರಲು ಮಂಕರಿ. ಹೂವಿನವಳು ಅವತ್ತು ಬೇಗ ಅಂಗಡಿ ಎತ್ತುತ್ತಿದ್ದಳು. ಉಳಿದ ಹೂವನ್ನು ಮಂಕರಿಗೆ ತುಂಬಿ, ನೀರು ಚಿಮುಕಿಸಿ, ತಲೆಯ ಮೇಲೆ ಸಿಂಬೆ ಇಟ್ಟು, ನನ್ನ ಕೈ ಹಚ್ಚಿಸಿಕೊಂಡು ಮಂಕರಿ ಹೊತ್ತಳು. ಹೊತ್ತವಳು ಸೆರಗು ಸರಿಮಾಡಿಕೊಳ್ಳುತ್ತ ಮಿಸ್ ಮುಂದೆಯೇ ನಿಂತಳು.

"ಅಡ್ಡ ಬಂದ್ನಾ ಟೀಚರಮ್ಮಾ? ಹೋದೆ ಹೋದೆ."

"ಹೋಗ್ಬೇಡ! ಅಲ್ಲೇ ನಿಲ್ಲು!" ಮಿಸ್ ಕಿರುಚಿದ್ದಕ್ಕೆ ಅಕ್ಕಪಕ್ಕದವರು ತಿರುಗಿ ನೋಡಿದರು. ಅವರು ಕತ್ತೆತ್ತಿ ಆ ಮಂಕರಿಯ ತಳವನ್ನು ನೋಡುತ್ತಿದ್ದರು. ಅದರಿಂದ ನೀರು ತೊಟ್ಟಿಕ್ಕಿ ಅವರ ಹಣೆಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಹಿಂದಿನ ಸೀಟಿನಿಂದ ಒಂದೇ ಸಮನೆ ಮಾತು. "ನಾನು ಮೇಲ್ಗಡೆ ನೋಡೇ ಇರ್ಲಿಲ್ಲ ಕಣೋ! ಚಿಕ್ಕೋಳಿದ್ದಾಗ ಅಪ್ಪನ ಪಕ್ಕ ನಿಂತ್ರೆ ಕಮಾನು ಕಾಣೋದು, ಅದರ ಮೇಲೆ ಅಪ್ಪ ಹೊತ್ತಿದ್ದ ಮಂಕರಿ. ಕಿಟಕಿ ಯಾವತ್ತು ಕಂಡಿತ್ತು ನಂಗೆ? ಇಲ್ದೇ ಇರೋದನ್ನ ಬಸ್ಸಲ್ಲಿ ಹುಡುಕ್ತಾ ಇದ್ದೆ!"

ಆ ಸಂಜೆಯೇ ಮೇಲಿನ ಅರ್ಧದ ಹಾಳೆಯನ್ನು ತೆಗೆದಿಟ್ಟರು. ಬಸ್ಸಿನ ಅಷ್ಟೂ ಪ್ರಯಾಣದ ಫಲ, ಪೊಲೀಸಿನವರ ಕಿಕ್ಕಿನ ಫಲ, ಎಲ್ಲ ಕಪಾಟಿಗೆ ಹೋಯಿತು. ಕೆಳಗಿನ ಹಾಳೆಗೆ ಹೊಸ ಕಾಗದ ಅಂಟಿಸಿ ಅದರಲ್ಲಿ ಮಂಕರಿಯ ತಳವನ್ನು ಬರೆಯತೊಡಗಿದರು. ಹೂವಿನವಳಿಂದ ಹಳೆಯದೊಂದು ಮಂಕರಿ ತರಿಸಿ ಮಡಿಲಲ್ಲಿಟ್ಟುಕೊಂಡಿದ್ದರು. ಎಡಗೈ ಬಿದಿರಿನ ಹೆಣಿಗೆಯನ್ನು ತಡವುತ್ತಿತ್ತು, ಬಲಗೈ ಬರೆಯುತ್ತಿತ್ತು. ಮೊದಮೊದಲು ಗೆರೆಗಳು ಸಣ್ಣ. ಬರುಬರುತ್ತ ದಪ್ಪವಾದವು, ಕೊನೆಯವು ಒಂದರ ಮೇಲೊಂದು ಹತ್ತಿದವು. ಒಂದು ದಿನ ಪೆನ್ಸಿಲ್ ಕೆಳಗಿಟ್ಟು, "ಆಯ್ತು. ಇನ್ನು ಹೋಗ್ಲಿ" ಅಂದರು. ಕಣ್ಣಿಗೆ ಹೇಳಿದ ಮಾತು. ಅದೂ ಆ ಮಳೆಗಾಲದೊಳಗೆ ಹೋಯಿತು.

ಚಿತ್ರವನ್ನು ನನಗೇ ಕೊಟ್ಟರು. ನನ್ನ ಅಂಗಡಿಯ ಗೋಡೆಯ ಮೇಲಿದೆ. ಕೆಳಗೆ ಕಲ್ಲಿನ ಕಮಾನುಗಳು, ಹೊಸಿಲ ಮೇಲೆ ಒಂದು ಹಿಡಿ ಹೂವು, ಮೇಲೆಲ್ಲ ಹೆಣೆದ ಬಿದಿರು, ಅದರಿಂದ ಬೀಳುತ್ತಿರುವ ಎರಡು ಮೂರು ಹನಿ. ಗಿರಾಕಿಗಳು ನೋಡಿ, "ಇದೇನ್ ಸಾರ್, ಮೇಲೆ ಚಾಪೆನಾ?" ಎಂದು ಕೇಳುತ್ತಾರೆ. ನಾನು ಕೌಂಟರಿನ ಮುಂದೆ ಹಾಕಿದ ಗಿಡ್ಡ ಸ್ಟೂಲ್ ತೋರಿಸಿ, ಅಲ್ಲಿ ಕೂತು ನೋಡಿ ಎನ್ನುತ್ತೇನೆ. ಕೆಲವರು ಕೂರುತ್ತಾರೆ. ಕೆಲವರು ಫೆವಿಕಾಲ್ ತೆಗೆದುಕೊಂಡು ಹೋಗುತ್ತಾರೆ.

ಮಿಸ್ ಹೋದದ್ದು ಹೋದ ವರ್ಷ, ಒಂದು ಬೆಳಿಗ್ಗೆ, ಕಾಫಿ ಕುಡಿದ ಮೇಲೆ. ಉಲ್ಲಾಳದಿಂದ ತಮ್ಮಂದಿರ ಮಕ್ಕಳು ಬಂದರು; ಮಣ್ಣು ಅಲ್ಲಿಯೇ ಎಂದು ನಿಶ್ಚಯವಾಯಿತು. ಹೂವು ತರುವ ಕೆಲಸ ನನಗೆ ಬಂತು. ಬಸವೇಶ್ವರನಗರದ ಮೂಲೆ ಮೂಲೆಯಲ್ಲೂ ಹೂವು ಸಿಗುತ್ತದೆ. ನಾನು ಸ್ಕೂಟರನ್ನು ಮಾರ್ಕೆಟ್ಟಿಗೆ ಬಿಟ್ಟೆ.

ಹಬ್ಬದ ಮಾರನೆಯ ದಿನವಲ್ಲ. ಟಾರ್ಪಾಲು, ನೂಕುನುಗ್ಗಲು, ಕಮಾನು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಹೂವಿನವಳು ದೂರದಿಂದಲೇ ನನ್ನನ್ನು ಗುರುತು ಹಿಡಿದಳು.

"ಏನಣ್ಣಾ ಒಬ್ರೇ ಬಂದ್ರಿ? ಟೀಚರಮ್ಮ ಚೆನ್ನಾಗವ್ರಾ?"

ಹೇಳಿದೆ. ಮುಂದೆ ನಿಂತಿದ್ದ ಗಿರಾಕಿಗಳನ್ನು ಪಕ್ಕದವಳ ಕಡೆ ಕಳಿಸಿ, ಸೇವಂತಿಗೆಯ ಹಾರದ ಸುರುಳಿ ಬಿಚ್ಚಿದಳು. ಮೊದಲ ಹಿಡಿ ಬಿಡಿಹೂವನ್ನು ತೆಗೆದು ನನ್ನ ಕೈಗೆ ಕೊಟ್ಟು, "ಅದ್ನ ಆ ಕಲ್ ಮೇಲ್ ಇಟ್ಟು ಬನ್ನಿ" ಅಂದಳು. ನುಗ್ಗಿಕೊಂಡು ಹೋಗಿ ಇಟ್ಟು ಬಂದೆ. ಬರುವಷ್ಟರಲ್ಲಿ ಅವಳು ಅಳೆಯುತ್ತಿದ್ದಳು. ಎರಡೂ ಕೈ ಚಾಚಿ ಒಂದು ಮಾರು ಹಿಡಿದಳು. ಆದರೆ ಅಲ್ಲಿಗೆ ಬೆರಳು ಮಡಚಲಿಲ್ಲ. ಎಡಗಡೆಗೆ ಒಂದು ಗೇಣು ಬಿಟ್ಟಳು, ಬಲಗಡೆಗೆ ಒಂದು ಗೇಣು ಬಿಟ್ಟಳು, ಆಮೇಲೆ ಎಣಿಸಿದಳು. ಪ್ರತಿ ಮಾರಿಗೂ ಹಾಗೆಯೇ.

"ಜಾಸ್ತಿ ಆಯ್ತಲ್ಲಮ್ಮಾ" ಅಂದೆ.

"ಜಾಸ್ತಿ ಅಲ್ಲ ಅಣ್ಣಾ" ಅಂದಳು ತಲೆಯೆತ್ತದೆ. "ಅವ್ರ ಮಾರು ಇಷ್ಟೇ ಇದ್ದಿದ್ದು."